ಉರುಳುವುದು, ಹರಿಯುವುದು, ತಾನಾಗಿ ನಡೆಯುವುದು: ವಸ್ತುಗಳ ಚಲನೆಯನ್ನು ಕೂಸು ಕಲಿಯುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸಿದೆ. ಅವುಗಳಲ್ಲಿ 25ನೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪಗಳ ಚರ್ಚೆಯಲ್ಲಿಯೇ ಸಭೆಯ ಹೆಚ್ಚಿನ ಸಮಯ ಕಳೆಯುವುದರಿಂದ ಈ 25ನೆಯ ವಿಷಯವು ಬಹುಮಟ್ಟಿಗೆ ಅಂಗನವಾಡಿ ಕಟ್ಟಡದ ದುರಸ್ತಿ ಮತ್ತು ಸುಣ್ಣಬಣ್ಣಕ್ಕೆ ಸೀಮಿತವಾಗಿ ಉಳಿದಿತ್ತು. 2023-24ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಣೆಯಾದ ಮೇಲೆ ಸ್ಥಿತಿ ಬದಲಾಗಿದೆ. ಮಾತು ಬಾರದ, ಇನ್ನೂ ನಡೆಯಲೂ ಬಾರದ ಮಕ್ಕಳು ತಾಯಿ ಕೆಲಸದಿಂದ ಮರಳುವವರೆಗೆ ಕಳೆಯುವ ಕೊಠಡಿಯಲ್ಲಿ ಏನಿರಬೇಕು, ಏನಿರಬೇಕಾಗಿಲ್ಲ ಎಂಬ ಪ್ರಶ್ನೆ ಈಗ ಸದಸ್ಯರ ಮುಂದೆಯೇ ಬರುತ್ತಿದೆ.

ಈ ಪ್ರಶ್ನೆಗೆ ಬರುವ ಮೊದಲ ಉತ್ತರ ಸಾಮಾನ್ಯವಾಗಿ ಗೋಡೆಯ ಚಿತ್ರ ಮತ್ತು ದೂರದರ್ಶನ ಪೆಟ್ಟಿಗೆ. ಒಂದು ವರ್ಷದ ಮಗುವಿಗೆ ಕಲಿಸುವುದೇನಿದೆ, ಅಳದೆ ಸುಮ್ಮನಿದ್ದರೆ ಸಾಕು ಎಂಬ ಭಾವನೆ ಇದರ ಹಿಂದಿದೆ. ಆದರೆ ಕಳೆದ ನಾಲ್ಕೈದು ದಶಕಗಳಲ್ಲಿ ಮನೋವಿಜ್ಞಾನಿಗಳು ಕಂಡುಕೊಂಡಿರುವುದು ಬೇರೆಯೇ ಆಗಿದೆ. ಚಾಪೆಯ ಮೇಲೆ ಮಲಗಿ ಕಣ್ಣು ಹೊರಳಿಸುತ್ತಿರುವ ಕೂಸು ಒಂದು ದೊಡ್ಡ ಕೆಲಸದಲ್ಲಿ ತೊಡಗಿರುತ್ತದೆ. ಯಾವುದು ತಳ್ಳಿದರೆ ಮಾತ್ರ ಚಲಿಸುತ್ತದೆ, ಯಾವುದು ತಾನಾಗಿ ಚಲಿಸುತ್ತದೆ, ಯಾವುದು ಬೀಳುತ್ತದೆ, ಯಾವುದು ನಿಲ್ಲುತ್ತದೆ, ಯಾವುದು ಹರಿದುಹೋಗುತ್ತದೆ ಎಂದು ಅದು ಜಗತ್ತನ್ನು ವಿಂಗಡಿಸುತ್ತಿರುತ್ತದೆ. ಈ ವಿಂಗಡಣೆ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದರೆ ಖರೀದಿ ಪಟ್ಟಿಗೆ ಸಹಿ ಹಾಕುವಾಗ ಕೈ ಒಂದು ಕ್ಷಣ ತಡೆಯಬಹುದು ಎಂಬ ಉದ್ದೇಶದಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ನೋಟವನ್ನು ಅಳೆಯುವ ವಿಧಾನ

ಮಾತು ಬಾರದ ಕೂಸಿನ ಮನಸ್ಸಿನಲ್ಲಿ ಏನಿದೆ ಎಂಬುದನ್ನು ತಿಳಿಯುವುದು ಹೇಗೆ? ಸ್ವಿಟ್ಜರ್ಲೆಂಡಿನ ಜ್ಯಾನ್ ಪಿಯಾಜೆ ತಮ್ಮ ಮೂವರು ಮಕ್ಕಳನ್ನೇ ದಿನವೂ ಗಮನಿಸಿ ಬರೆದಿಟ್ಟರು. ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಏಳೆಂಟು ತಿಂಗಳೊಳಗಿನ ಮಗು ಅದನ್ನು ಹುಡುಕುವುದಿಲ್ಲ. ಆದುದರಿಂದ ಕಣ್ಣಿಗೆ ಮರೆಯಾದ ವಸ್ತು ಆ ಮಗುವಿನ ಪಾಲಿಗೆ ಇಲ್ಲವೇ ಆಗಿಬಿಡುತ್ತದೆ ಎಂದು ಅವರು ತೀರ್ಮಾನಿಸಿದರು. ಈ ಅಭಿಪ್ರಾಯ ಬಹುಕಾಲ ಒಪ್ಪಿತವಾಗಿತ್ತು. ಆದರೆ ಹುಡುಕದಿರುವುದಕ್ಕೆ ಬೇರೆ ಕಾರಣವೂ ಇರಬಹುದು. ಬಟ್ಟೆಯನ್ನು ಎತ್ತಿ, ಅದರ ಕೆಳಗೆ ಕೈ ಹಾಕುವ ಕೌಶಲವೇ ಆ ವಯಸ್ಸಿಗೆ ಬಂದಿರುವುದಿಲ್ಲ.

ಕೈಯ ಬದಲು ಕಣ್ಣನ್ನು ಗಮನಿಸುವ ವಿಧಾನ ಆ ಬಳಿಕ ಬಂತು. ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರೆ ಕೂಸಿಗೆ ಬೇಸರವಾಗಿ ಮುಖ ತಿರುಗಿಸುತ್ತದೆ. ನಿರೀಕ್ಷಿಸದ ಸಂಗತಿ ಕಂಡರೆ ಹೆಚ್ಚು ಹೊತ್ತು ನೋಡುತ್ತದೆ. ಈ ಹೆಚ್ಚಿನ ನೋಟವನ್ನು ಸೆಕೆಂಡುಗಳಲ್ಲಿ ಅಳೆಯುವುದೇ ಆ ವಿಧಾನ. ಅಮೆರಿಕದ ರೆನೇ ಬೇಯಾರ್ಜನ್, ಎಲಿಜಬೆತ್ ಸ್ಪೆಲ್ಕಿ ಮತ್ತು ಸ್ಟ್ಯಾನ್ಲಿ ವಾಸರ್‌ಮನ್ ಅವರು 1985ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಪ್ರಸಿದ್ಧ ಉದಾಹರಣೆ. ಮೇಜಿನ ಮೇಲೆ ಮಲಗಿಸಿದ ಹಲಗೆಯೊಂದು ತಿರುಗಣಿಯ ಮೇಲೆ ಎದ್ದು, ಹಿಂದಕ್ಕೆ ಮಗುಚಿ, ಅರ್ಧ ವೃತ್ತ ಸುತ್ತಿ ಮತ್ತೆ ಮೇಜಿಗೆ ತಾಗುವುದನ್ನು ಐದು ತಿಂಗಳ ಮಕ್ಕಳು ನೋಡಿ ಬೇಸತ್ತರು. ಅನಂತರ ಹಲಗೆಯ ಹಿಂದೆ ಒಂದು ಪೆಟ್ಟಿಗೆಯನ್ನು ಇಡಲಾಯಿತು. ಹಲಗೆ ಎದ್ದಾಗ ಪೆಟ್ಟಿಗೆ ಮರೆಯಾಗುತ್ತದೆ. ಒಮ್ಮೆ ಹಲಗೆ ಪೆಟ್ಟಿಗೆಗೆ ತಗುಲಿದಂತೆ ಅರ್ಧದಲ್ಲೇ ನಿಂತಿತು. ಇನ್ನೊಮ್ಮೆ, ಪೆಟ್ಟಿಗೆಯನ್ನು ಗುಟ್ಟಾಗಿ ತೆಗೆದಿದ್ದರಿಂದ, ಅದರೊಳಗೇ ಹಾದುಹೋದಂತೆ ಪೂರ್ತಿ ಮಗುಚಿತು. ಪೂರ್ತಿ ಮಗುಚುವುದು ಮಕ್ಕಳಿಗೆ ಮೊದಲೇ ನೋಡಿ ಬೇಸರವಾಗಿದ್ದ ಚಲನೆ. ಆದರೂ ಅವರು ಹೆಚ್ಚು ಹೊತ್ತು ದಿಟ್ಟಿಸಿದ್ದು ಅದನ್ನೇ. ಮರೆಯಾದ ಪೆಟ್ಟಿಗೆ ಅಲ್ಲಿಯೇ ಇದೆ, ಗಟ್ಟಿಯಾದ ವಸ್ತು ಇನ್ನೊಂದು ಗಟ್ಟಿ ವಸ್ತುವಿನ ಮೂಲಕ ಹಾಯಲಾರದು ಎಂಬ ನಿರೀಕ್ಷೆ ಆ ವಯಸ್ಸಿಗೇ ಇದೆ ಎಂಬುದು ಸಂಶೋಧಕರ ತೀರ್ಮಾನ.

ಹೆಚ್ಚು ಹೊತ್ತು ನೋಡಿದ ಮಾತ್ರಕ್ಕೆ ‘ತಿಳಿದಿದೆ’ ಎನ್ನಬಹುದೇ ಎಂಬ ವಾದ ವಿಜ್ಞಾನಿಗಳಲ್ಲಿ ಇಂದಿಗೂ ಮುಗಿದಿಲ್ಲ. ಈ ಪ್ರಯೋಗಗಳಲ್ಲಿ ಭಾಗವಹಿಸಿದ ಮಕ್ಕಳಲ್ಲಿ ಬಹುಪಾಲು ಅಮೆರಿಕ ಮತ್ತು ಯೂರೋಪಿನ ನಗರದವರು ಎಂಬುದೂ ನೆನಪಿನಲ್ಲಿರಲಿ. ತಿಂಗಳ ಲೆಕ್ಕವನ್ನು ಸ್ಥೂಲವಾಗಿ ತೆಗೆದುಕೊಳ್ಳುವುದು ಒಳ್ಳೆಯದು. ಕಲಿಕೆಯ ಕ್ರಮದ ವಿಷಯದಲ್ಲಿ ಮಾತ್ರ ಹೆಚ್ಚಿನ ಒಮ್ಮತವಿದೆ.

ಚಲನೆಯೇ ವಸ್ತುವನ್ನು ಬಿಡಿಸಿ ತೋರಿಸುತ್ತದೆ

ನಮ್ಮ ಕಣ್ಣಿಗೆ ಮಂಚ, ಅದರ ಮೇಲಿನ ಕೌದಿ, ಕೌದಿಯ ಮೇಲೆ ಮಲಗಿದ ಬೆಕ್ಕು ಬೇರೆ ಬೇರೆಯಾಗಿ ಕಾಣುತ್ತವೆ. ಹುಟ್ಟಿದ ಕೂಸಿಗೆ ಇವೆಲ್ಲ ಬಣ್ಣ ಮತ್ತು ಅಂಚುಗಳ ಒಂದು ರಾಶಿ. ಎಲ್ಲಿ ಒಂದು ವಸ್ತು ಮುಗಿದು ಇನ್ನೊಂದು ಆರಂಭವಾಗುತ್ತದೆ ಎಂಬುದೇ ಮೊದಲ ಸಮಸ್ಯೆ. ಬೆಕ್ಕು ಎದ್ದು ಮೈಮುರಿದು ನಡೆದಾಗ ಅದರ ತಲೆ, ಬೆನ್ನು, ಬಾಲ ಒಟ್ಟಿಗೆ ಹೋಗುತ್ತವೆ. ಕೌದಿ ಅಲ್ಲಿಯೇ ಉಳಿಯುತ್ತದೆ. ಸಮಸ್ಯೆ ಅಲ್ಲಿಗೆ ಬಗೆಹರಿಯಿತು.

ಇದನ್ನು ಫಿಲಿಪ್ ಕೆಲ್‌ಮನ್ ಮತ್ತು ಸ್ಪೆಲ್ಕಿ 1983ರಲ್ಲಿ ಸರಳ ಉಪಕರಣದಿಂದ ತೋರಿಸಿದರು. ಅಡ್ಡಲಾಗಿ ಇಟ್ಟ ಒಂದು ದಿಮ್ಮಿಯ ಹಿಂದೆ ಒಂದು ಕೋಲು. ಅದರ ಮೇಲಿನ ತುದಿಯೂ ಕೆಳಗಿನ ತುದಿಯೂ ಕಾಣುತ್ತವೆ, ನಡುಭಾಗ ಕಾಣುವುದಿಲ್ಲ. ಕೋಲು ಅತ್ತಿತ್ತ ಸರಿಯುವಾಗ ಎರಡು ತುದಿಗಳೂ ಒಟ್ಟಾಗಿ ಸರಿಯುತ್ತವೆ. ಇದನ್ನು ನೋಡಿದ ನಾಲ್ಕು ತಿಂಗಳ ಮಕ್ಕಳಿಗೆ ಆಮೇಲೆ ಒಂದು ಅಖಂಡ ಕೋಲನ್ನೂ ಎರಡು ತುಂಡುಗಳನ್ನೂ ತೋರಿಸಿದಾಗ ಅವರಿಗೆ ಹೊಸದಾಗಿ ಕಂಡದ್ದು ತುಂಡುಗಳು. ಅಂದರೆ ದಿಮ್ಮಿಯ ಹಿಂದೆ ಒಂದೇ ಕೋಲು ಇದೆ ಎಂದು ಅವರು ಗ್ರಹಿಸಿದ್ದರು. ಕೋಲು ಅಲುಗಾಡದೆ ನಿಂತಿದ್ದರೆ ಈ ಗ್ರಹಿಕೆ ಉಂಟಾಗಲಿಲ್ಲ. ನಾಲ್ಕು ತಿಂಗಳಿಗೆ ಬಣ್ಣ, ಆಕಾರಗಳಿಗಿಂತ ಚಲನೆಯ ಸಾಕ್ಷಿಯೇ ಬಲವಾದದ್ದು.

ಇದಕ್ಕೆ ನಮ್ಮ ದೇಶದಿಂದಲೇ ಬಂದ ಇನ್ನೊಂದು ಸಾಕ್ಷ್ಯವಿದೆ. ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ಪವನ್ ಸಿನ್ಹಾ ಅವರು ‘ಪ್ರಕಾಶ್’ ಎಂಬ ಯೋಜನೆಯ ಮೂಲಕ ಭಾರತದಲ್ಲಿ ಹುಟ್ಟಿನಿಂದ ಕಣ್ಣು ಕಾಣದ, ಆದರೆ ಚಿಕಿತ್ಸೆ ಸಾಧ್ಯವಿರುವ ಮಕ್ಕಳನ್ನು ಗುರುತಿಸಿ ಶಸ್ತ್ರಚಿಕಿತ್ಸೆ ಮಾಡಿಸುತ್ತ ಬಂದಿದ್ದಾರೆ. ತಡವಾಗಿ ದೃಷ್ಟಿ ಪಡೆದ ಮೂವರನ್ನು ಕುರಿತು ಅವರ ತಂಡ 2009ರಲ್ಲಿ ವರದಿ ಮಾಡಿತು. ಒಂದರ ಮೇಲೊಂದು ಬಿದ್ದ ಆಕಾರಗಳ ಸ್ಥಿರ ಚಿತ್ರವನ್ನು ತೋರಿಸಿದರೆ ಅವರಿಗೆ ಅದು ಚೂರುಚೂರಾಗಿ ಕಾಣುತ್ತಿತ್ತು. ನೆರಳು ಒಂದು ವಸ್ತು, ಬೆಳಕು ಬಿದ್ದ ಭಾಗ ಇನ್ನೊಂದು ವಸ್ತು. ಅದೇ ಆಕಾರ ಚಲಿಸತೊಡಗಿದೊಡನೆ ಅದು ಒಂದೇ ವಸ್ತು ಎಂದು ಅವರು ಗುರುತಿಸಬಲ್ಲವರಾದರು. ಚಲನೆಯನ್ನು ನೋಡುತ್ತ ನೋಡುತ್ತ ತಿಂಗಳುಗಳು ಕಳೆದ ಮೇಲೆ ಸ್ಥಿರ ಚಿತ್ರವೂ ಅರ್ಥವಾಗತೊಡಗಿತು. ಕೂಸಿನ ಕೊಠಡಿಯ ಗೋಡೆಗೆ ಬಿಡಿಸಿದ ಆನೆ, ಮಾವಿನಹಣ್ಣುಗಳು ಕಣ್ಣಿಗೆ ಚೆಂದ. ಆದರೆ ಆರು ತಿಂಗಳ ಮಗುವಿಗೆ ಅವುಗಳಿಗಿಂತ ಮಾಡಿನಿಂದ ತೂಗುಬಿಟ್ಟ, ಗಾಳಿಗೆ ಅಲುಗುವ ನಾಲ್ಕು ಬಟ್ಟೆಯ ಹಕ್ಕಿಗಳು ಹೆಚ್ಚು ಹೇಳುತ್ತವೆ.

ಒಂದೊಂದು ಬಗೆಗೆ ಒಂದೊಂದು ಪಾಠ

ವಸ್ತು ಬೇರೆ ಬೇರೆ ಎಂದು ತಿಳಿದ ಮೇಲೆ ಅವು ಹೇಗೆ ನಡೆದುಕೊಳ್ಳುತ್ತವೆ ಎಂಬುದು ಮುಂದಿನ ಪಾಠ. ಒಂದು ಸಂಗತಿ ಮೊದಲಿಗೆ ಆಶ್ಚರ್ಯ ತರುತ್ತದೆ. ಗಟ್ಟಿ ವಸ್ತು ಗೋಡೆಯನ್ನು ತೂರಿ ಹೋಗಲಾರದು ಎಂಬುದು ಕೂಸಿಗೆ ಬಹು ಬೇಗ ತಿಳಿದಿರುವಂತೆ ಕಾಣುತ್ತದೆ. ಆಧಾರವಿಲ್ಲದ ವಸ್ತು ಕೆಳಗೆ ಬೀಳುತ್ತದೆ ಎಂಬುದು ಮಾತ್ರ ಮೆಟ್ಟಿಲು ಮೆಟ್ಟಿಲಾಗಿ, ತಡವಾಗಿ ಬರುತ್ತದೆ.

ಬೇಯಾರ್ಜನ್ ಮತ್ತು ಸಂಗಡಿಗರು ಪೆಟ್ಟಿಗೆಯೊಂದನ್ನು ಕಟ್ಟೆಯ ಮೇಲೆ ಇಡುವ ದೃಶ್ಯಗಳಿಂದ ಇದನ್ನು ಪರೀಕ್ಷಿಸಿದರು. ಮೂರು ತಿಂಗಳ ಮಗುವಿಗೆ ಪೆಟ್ಟಿಗೆ ಕಟ್ಟೆಗೆ ಎಲ್ಲಾದರೂ ತಗುಲಿದ್ದರೆ ಸಾಕು, ಅದು ನಿಲ್ಲುತ್ತದೆ. ಪಕ್ಕಕ್ಕೆ ಅಂಟಿಕೊಂಡಂತೆ ಬಿಟ್ಟರೂ ಅದಕ್ಕೆ ಬೆರಗಿಲ್ಲ. ಐದು ತಿಂಗಳ ಸುಮಾರಿಗೆ, ಪಕ್ಕಕ್ಕೆ ತಾಗಿದರೆ ಸಾಲದು, ಮೇಲೆ ಇರಬೇಕು ಎಂದು ತಿಳಿಯುತ್ತದೆ. ಆರೂವರೆ ತಿಂಗಳಿಗೆ, ಮೇಲಿದ್ದರೂ ಎಷ್ಟು ಭಾಗ ಮೇಲಿದೆ ಎಂಬುದು ಮುಖ್ಯವಾಗುತ್ತದೆ: ತಳದ ನೂರರಲ್ಲಿ ಹದಿನೈದು ಭಾಗ ಮಾತ್ರ ಕಟ್ಟೆಯ ಮೇಲಿದ್ದು ಪೆಟ್ಟಿಗೆ ಬೀಳದಿದ್ದರೆ ಮಗು ದಿಟ್ಟಿಸಿ ನೋಡುತ್ತದೆ. ಒಂದು ಬದಿ ಭಾರವಾದ ಓರೆ ಆಕಾರದ ಪೆಟ್ಟಿಗೆಯ ಲೆಕ್ಕ ತಿಳಿಯಲು ಒಂದು ವರ್ಷ ದಾಟಬೇಕು. ಜಗುಲಿಯ ಅಂಚಿನಲ್ಲಿ ಕುಳಿತ ಮಗು ತಂಬಿಗೆಯನ್ನು ಹತ್ತು ಸಲ ಬೀಳಿಸಿದಾಗ ನಾವು ಅದನ್ನು ಹಟವೆಂದು ಕರೆಯುತ್ತೇವೆ. ಮಗು ತನ್ನ ಲೆಕ್ಕವನ್ನು ತಾಳೆ ನೋಡುತ್ತಿರುತ್ತದೆ.

ಇಳಿಜಾರಿನ ವಿಷಯವೂ ಹೀಗೆಯೇ. ಇಳಿಜಾರಿನಲ್ಲಿ ಚೆಂಡು ಕೆಳಕ್ಕೆ ಉರುಳುತ್ತ ವೇಗ ಹೆಚ್ಚಿಸಿಕೊಳ್ಳುತ್ತದೆ, ಮೇಲಕ್ಕೆ ಉರುಳಿಸಿದರೆ ನಿಧಾನವಾಗುತ್ತದೆ. ಇದಕ್ಕೆ ವಿರುದ್ಧವಾದುದನ್ನು ತೋರಿಸಿದಾಗ ಏಳು ತಿಂಗಳ ಮಕ್ಕಳು ಹೆಚ್ಚು ಹೊತ್ತು ನೋಡಿದರು. ಐದು ತಿಂಗಳ ಮಕ್ಕಳಿಗೆ ಎರಡೂ ಒಂದೇ ಆಗಿತ್ತು. ಇದು 1992ರ ಫಲಿತಾಂಶ. ಆ ಎರಡು ತಿಂಗಳಲ್ಲಿ ಮಗು ಕುಳಿತುಕೊಳ್ಳಲು ಕಲಿತಿರುತ್ತದೆ, ಕೈಗಳು ಬಿಡುವಾಗಿರುತ್ತವೆ, ಉರುಳುವ ವಸ್ತುಗಳೊಡನೆ ಅದರ ಒಡನಾಟ ಹೆಚ್ಚಿರುತ್ತದೆ.

ಒಂದು ಕಡೆ ಕಲಿತ ಪಾಠವನ್ನು ಮಗು ಕೂಡಲೇ ಇನ್ನೊಂದು ಕಡೆಗೆ ಒಯ್ಯುವುದಿಲ್ಲ ಎಂಬುದು ಇನ್ನೂ ಕುತೂಹಲಕರ. ಎತ್ತರದ ವಸ್ತುವೊಂದು ಗಿಡ್ಡನೆಯ ತಡಿಕೆಯ ಹಿಂದೆ ಪೂರ್ತಿ ಮರೆಯಾಗಲಾರದು ಎಂಬುದು ನಾಲ್ಕೂವರೆ ತಿಂಗಳ ಮಗುವಿಗೆ ಗೊತ್ತು. ಅದೇ ವಸ್ತು ಗಿಡ್ಡನೆಯ ಪಾತ್ರೆಯೊಳಗೆ ಪೂರ್ತಿ ಮುಳುಗಿ ಹೋಗಲಾರದು ಎಂಬುದು ತಿಳಿಯಲು ಏಳೂವರೆ ತಿಂಗಳಾಗಬೇಕು. ಬೋರಲು ಹಾಕಿ ಮುಚ್ಚಿದರೆ ಹನ್ನೆರಡು ತಿಂಗಳು. ಕೊಳವೆಯೊಳಗೆ ಇಳಿಸಿದರೆ ಹದಿನಾಲ್ಕು ತಿಂಗಳು. ನಮಗೆ ಇವೆಲ್ಲ ಒಂದೇ ನಿಯಮ. ಕೂಸಿಗೆ ‘ಹಿಂದೆ’, ‘ಒಳಗೆ’, ‘ಕೆಳಗೆ’ ಎಂಬ ಪ್ರತಿಯೊಂದೂ ಪ್ರತ್ಯೇಕ ಖಾತೆ, ಪ್ರತಿ ಖಾತೆಗೂ ತನ್ನದೇ ಅನುಭವ ಜಮೆಯಾಗಬೇಕು. ಒಂದೇ ಬಗೆಯ ಹತ್ತು ಆಟಿಕೆಗಳಿಗಿಂತ ಹತ್ತು ಬಗೆಯ ವಸ್ತುಗಳು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಸಿಗಲಾರದು.

ಗಟ್ಟಿ ವಸ್ತುವಿನ ನಿಯಮ ನೀರಿಗೆ ಅನ್ವಯಿಸುವುದಿಲ್ಲ. ಸೂಸನ್ ಹೆಸ್ಪೋಸ್ ಮತ್ತು ಸಂಗಡಿಗರು 2009ರಲ್ಲಿ ಐದು ತಿಂಗಳ ಮಕ್ಕಳ ಮುಂದೆ ನೀಲಿ ನೀರಿನ ಲೋಟವನ್ನು ವಾಲಿಸಿ ತೋರಿಸಿದರು. ಬೇರೆ ಮಕ್ಕಳಿಗೆ, ನೋಡಲು ನೀರಿನಂತೆಯೇ ಇದ್ದ ಗಟ್ಟಿ ಪದಾರ್ಥದ ಲೋಟವನ್ನು ವಾಲಿಸಿದರು. ನಿಂತಾಗ ಎರಡಕ್ಕೂ ವ್ಯತ್ಯಾಸವಿಲ್ಲ. ವಾಲಿಸಿದಾಗ ಮಾತ್ರ ನೀರಿನ ಮೇಲ್ಮೈ ಸಮವಾಗಿ ಉಳಿಯುತ್ತದೆ, ಗಟ್ಟಿ ಪದಾರ್ಥದ ಮೇಲ್ಮೈ ಲೋಟದೊಡನೆ ಓರೆಯಾಗುತ್ತದೆ. ಅಷ್ಟನ್ನೇ ಕಂಡ ಮಕ್ಕಳು, ಮುಂದೆ ಅದು ಸುರಿಯುತ್ತದೋ, ಉಂಡೆಯಾಗಿ ಉರುಳಿ ಬೀಳುತ್ತದೋ ಎಂಬುದನ್ನು ಸರಿಯಾಗಿ ನಿರೀಕ್ಷಿಸಿದರು. ಮರಳಿನ ವಿಷಯ ಇನ್ನೂ ಕಠಿಣ. ತೆರೆಯ ಹಿಂದೆ ಎಷ್ಟು ಗಟ್ಟಿ ವಸ್ತುಗಳಿವೆ ಎಂದು ನೆನಪಿಡಬಲ್ಲ ಎಂಟು ತಿಂಗಳ ಮಗು, ಅದೇ ರೀತಿ ಸುರಿದ ಮರಳ ಗುಪ್ಪೆಗಳ ಲೆಕ್ಕದಲ್ಲಿ ಸೋಲುತ್ತದೆ.

ಬೀಳುವ ಪಾಠವನ್ನು ಮಕ್ಕಳು ಒಮ್ಮೊಮ್ಮೆ ಅತಿಯಾಗಿಯೇ ಕಲಿಯುತ್ತಾರೆ. ಬ್ರೂಸ್ ಹುಡ್ ಅವರು 1995ರಲ್ಲಿ ವರದಿ ಮಾಡಿದಂತೆ, ಡೊಂಕಾದ ಅಪಾರದರ್ಶಕ ಕೊಳವೆಯಲ್ಲಿ ಚೆಂಡು ಹಾಕಿದರೆ ಎರಡು ವರ್ಷದ ಮಗು ಕೊಳವೆಯ ಬಾಯಿ ಎಲ್ಲಿದೆ ಎಂದು ನೋಡದೆ, ಚೆಂಡು ಬಿಟ್ಟ ಜಾಗದ ನೇರ ಕೆಳಗೆ ಹುಡುಕುತ್ತದೆ. ಮತ್ತೆ ಮತ್ತೆ ತಪ್ಪಿದರೂ ಅಲ್ಲಿಯೇ ಹುಡುಕುತ್ತದೆ. ನಮ್ಮ ಅಂಗನವಾಡಿಗಳಲ್ಲಿ ಬಾಗಿದ ಪಿ.ವಿ.ಸಿ. ಕೊಳವೆಯ ತುಂಡಿನಿಂದ ಇದನ್ನು ಯಾರಾದರೂ ಮಾಡಿ ನೋಡಬಹುದು, ಖರ್ಚಿಲ್ಲದ ಆಟ.

ತಳ್ಳಿದರೆ ಹೋಗುವುದು, ತಾನಾಗಿ ಹೋಗುವುದು

ಕೋಳಿ ಅಂಗಳ ದಾಟುವುದಕ್ಕೆ ಯಾರೂ ತಳ್ಳಬೇಕಾಗಿಲ್ಲ. ಒನಕೆ ತಾನಾಗಿ ಅಂಗಳ ದಾಟಿದರೆ ಊರೇ ಸೇರುತ್ತದೆ. ಈ ವ್ಯತ್ಯಾಸವೇ ಕೂಸಿನ ವಿಂಗಡಣೆಯಲ್ಲಿ ಅತ್ಯಂತ ದೊಡ್ಡದು.

ಇದರ ಬೀಜ ಹುಟ್ಟಿನಲ್ಲಿಯೇ ಇರುವಂತಿದೆ. ಇಟಲಿಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿ ಎರಡು ದಿನವಾದ ಶಿಶುಗಳಿಗೆ ಕಪ್ಪು ಹಿನ್ನೆಲೆಯ ಮೇಲೆ ಚಲಿಸುವ ಬೆಳಕಿನ ಚುಕ್ಕೆಗಳನ್ನು ತೋರಿಸಲಾಯಿತು. ಒಂದು ಕಡೆ ಚುಕ್ಕೆಗಳು ನಡೆಯುವ ಕೋಳಿಯ ಕೀಲುಗಳಂತೆ ಚಲಿಸುತ್ತಿದ್ದವು. ಇನ್ನೊಂದು ಕಡೆ ಗೊತ್ತುಗುರಿಯಿಲ್ಲದೆ. ಕೋಳಿಯನ್ನೇ ಕಂಡಿರದ ಆ ಶಿಶುಗಳು ಜೀವಿಯ ನಡಿಗೆಯ ಚುಕ್ಕೆಗಳನ್ನೇ ಹೆಚ್ಚು ಹೊತ್ತು ನೋಡಿದವು. ಇಷ್ಟು ಮೂಲಧನ. ಉಳಿದದ್ದು ಗಳಿಕೆ. ಏಳು ತಿಂಗಳ ಹೊತ್ತಿಗೆ, ನಿರ್ಜೀವ ವಸ್ತು ಇನ್ನೊಂದು ತಗುಲದೆಯೇ ಹೊರಟರೆ ಮಗುವಿಗೆ ಅದು ವಿಚಿತ್ರವಾಗಿ ಕಾಣುತ್ತದೆ. ಮನುಷ್ಯ ಹಾಗೆ ಹೊರಟರೆ ವಿಚಿತ್ರವಲ್ಲ. ಒಂಬತ್ತು ತಿಂಗಳಿಗೆ ರೆಕ್ಕೆ ಚಾಚಿದ ಹಕ್ಕಿಯ ಗೊಂಬೆಯನ್ನೂ ವಿಮಾನದ ಗೊಂಬೆಯನ್ನೂ, ಆಕಾರ ಒಂದೇ ತೆರನಾಗಿದ್ದರೂ, ಬೇರೆ ಜಾತಿಗೆ ಸೇರಿಸುತ್ತದೆ. ಹದಿನಾಲ್ಕು ತಿಂಗಳ ಮಗುವಿಗೆ ನಾಯಿಯ ಗೊಂಬೆಗೆ ಲೋಟದಿಂದ ಕುಡಿಸಿ ತೋರಿಸಿದರೆ, ಅದು ಮುಂದೆ ಬೇರೆ ಪ್ರಾಣಿಗಳಿಗೆ ಕುಡಿಸುತ್ತದೆಯೇ ಹೊರತು ವಾಹನಗಳಿಗಲ್ಲ.

ನನ್ನ ಮಟ್ಟಿಗೆ ಇವುಗಳಲ್ಲೆಲ್ಲ ಅತಿ ಸೊಗಸಾದ ಪ್ರಯೋಗ ರೆಬೆಕಾ ಸ್ಯಾಕ್ಸ್ ಮತ್ತು ಸಂಗಡಿಗರದು, 2005ರಲ್ಲಿ ಪ್ರಕಟವಾಯಿತು. ಒಂದು ಕಾಳಿನ ಚೀಲ ಗೋಡೆಯ ಆಚೆಯಿಂದ ಹಾರಿ ಬಂದು ಬೀಳುತ್ತದೆ. ಎಸೆದವರು ಕಾಣುವುದಿಲ್ಲ. ಅನಂತರ ಚೀಲ ಹೊರಟ ದಿಕ್ಕಿನಿಂದ ಒಂದು ಕೈ ಕಾಣಿಸಿಕೊಂಡರೆ ಹತ್ತು-ಹನ್ನೆರಡು ತಿಂಗಳ ಮಕ್ಕಳಿಗೆ ಅದು ಸಹಜ. ಎದುರು ದಿಕ್ಕಿನಿಂದ ಕೈ ಬಂದರೆ ಹೆಚ್ಚು ಹೊತ್ತು ನೋಡುತ್ತಾರೆ. ಚೀಲ ತಾನಾಗಿ ಹಾರಲಾರದು, ಆದುದರಿಂದ ಅಲ್ಲಿ ಯಾರೋ ಇರಬೇಕು! ಚೀಲದ ಬದಲು ತಾನಾಗಿ ಚಲಿಸಬಲ್ಲ, ಕಣ್ಣುಮೂಗಿದ್ದ ಗೊಂಬೆ ಹಾರಿ ಬಂದಾಗ ಅವರು ಎಸೆದವರನ್ನು ಊಹಿಸಲಿಲ್ಲ. ಇನ್ನೂ ಒಂದು ಪೂರ್ಣ ವಾಕ್ಯ ಆಡದ ಮಗು, ಕಾಣದ ಕಾರಣವನ್ನು ಕಂಡ ಚಲನೆಯಿಂದ ಊಹಿಸುತ್ತಿದೆ.

ಕೈಗೆ ಸಿಕ್ಕಿದಾಗ

ಇದುವರೆಗೆ ಹೇಳಿದ್ದು ಬಹುಮಟ್ಟಿಗೆ ಕಣ್ಣಿನ ಕೆಲಸ. ಕಣ್ಣಿನ ಪಾಠ ಗಟ್ಟಿಯಾಗುವುದು ಕೈಯಿಂದ.

ಮೂರು ತಿಂಗಳ ಮಗುವಿಗೆ ವಸ್ತುವನ್ನು ಹಿಡಿದೆತ್ತಲು ಬಾರದು. ಏಮಿ ನೀಡಮ್ ಮತ್ತು ಸಂಗಡಿಗರು 2002ರಲ್ಲಿ ಆ ವಯಸ್ಸಿನ ಮಕ್ಕಳ ಕೈಗೆ ಅಂಟುಪಟ್ಟಿಯ ಚೀಲ ತೊಡಿಸಿ, ಮುಟ್ಟಿದರೆ ಸಾಕು ಆಟಿಕೆ ಅಂಟಿಕೊಂಡು ಬರುವಂತೆ ಮಾಡಿದರು. ಕೆಲವು ದಿನ ಹೀಗೆ ಆಡಿದ ಮಕ್ಕಳು, ಚೀಲ ತೆಗೆದ ಮೇಲೂ ವಸ್ತುಗಳನ್ನು ನೋಡುವುದರಲ್ಲಿ, ತಡವುವುದರಲ್ಲಿ ಇತರರಿಗಿಂತ ಮುಂದಿದ್ದರು. ಮುಂದಿನ ಅಧ್ಯಯನವೊಂದು ಇನ್ನೊಂದು ಹೆಜ್ಜೆ ಇಟ್ಟಿತು: ಹಾಗೆ ತಾವೇ ಎತ್ತಿ ನೋಡಿದ ಮಕ್ಕಳು, ಬೇರೆಯವರ ಕೈ ಯಾವ ವಸ್ತುವಿಗಾಗಿ ಚಾಚುತ್ತಿದೆ ಎಂಬುದನ್ನೂ ಗಮನಿಸತೊಡಗಿದರು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಐಮಿ ಸ್ಟಾಲ್ ಮತ್ತು ಲೀಸಾ ಫೈಗನ್‌ಸನ್ 2015ರಲ್ಲಿ ಹನ್ನೊಂದು ತಿಂಗಳ ಮಕ್ಕಳಿಗೆ ಅಸಾಧ್ಯವೆನಿಸುವ ದೃಶ್ಯಗಳನ್ನು ತೋರಿಸಿ, ಆ ವಸ್ತುವನ್ನೇ ಅವರ ಕೈಗೆ ಕೊಟ್ಟರು. ಆಟದ ಕಾರು ಗೋಡೆ ತೂರಿ ಬಂದಂತೆ ಕಂಡ ಮಕ್ಕಳು ಅದನ್ನು ಮೇಜಿಗೆ ಕುಟ್ಟಿ ನೋಡಿದರು. ಅಂಚು ದಾಟಿದರೂ ಬೀಳದೆ ಗಾಳಿಯಲ್ಲಿ ನಿಂತಂತೆ ಕಂಡ ಮಕ್ಕಳು ಅದನ್ನು ಕೈಯಿಂದ ಬಿಟ್ಟು ನೋಡಿದರು. ಗಟ್ಟಿಯೇ ಎಂಬ ಸಂದೇಹಕ್ಕೆ ಕುಟ್ಟುವುದು, ಬೀಳುತ್ತದೆಯೇ ಎಂಬ ಸಂದೇಹಕ್ಕೆ ಬೀಳಿಸುವುದು. ಪರೀಕ್ಷೆ ಸಂದೇಹಕ್ಕೆ ತಕ್ಕಂತೆಯೇ ಇತ್ತು. ದೂರದರ್ಶನದ ಪರದೆಯಲ್ಲಿಯೂ ವಸ್ತುಗಳು ಹಾರುತ್ತವೆ, ಗೋಡೆ ತೂರುತ್ತವೆ. ಅವುಗಳನ್ನು ಕುಟ್ಟಿ ನೋಡಲು ಬರುವುದಿಲ್ಲ.

ಮಗು ನಡೆಯತೊಡಗಿದ ಮೇಲೆ ಅದರ ಪ್ರಯೋಗಶಾಲೆ ಇಡೀ ನೆಲವಾಗುತ್ತದೆ. ಕ್ಯಾರೆನ್ ಅಡಾಲ್ಫ್ ಅವರ ತಂಡ 2012ರಲ್ಲಿ ಎಣಿಸಿದಂತೆ, ಸ್ವತಂತ್ರವಾಗಿ ಆಡುವ 12ರಿಂದ 19 ತಿಂಗಳ ಮಗು ಸರಾಸರಿ ಗಂಟೆಗೆ 2,368 ಹೆಜ್ಜೆ ಇಡುತ್ತದೆ, 17 ಸಲ ಬೀಳುತ್ತದೆ. ಹದಿನೇಳು ಬಾರಿ ಬೀಳಲು ತಕ್ಕ ನೆಲ ನಮ್ಮ ಕೂಸಿನ ಮನೆಗಳಲ್ಲಿದೆಯೇ ಎಂಬುದು ಸಿಮೆಂಟಿನ ಅಂದಾಜುಪಟ್ಟಿಯಲ್ಲಿ ಕಾಣದ ಪ್ರಶ್ನೆ.

ಪಂಚಾಯಿತಿಯ ಕೈಯಲ್ಲಿರುವುದು

ಇಂತಹ ಆಟದಿಂದ ಮುಂದಿನ ಬದುಕಿಗೆ ಲಾಭವಿದೆಯೇ ಎಂದು ಸದಸ್ಯರು ಕೇಳುವುದು ನ್ಯಾಯವಾದದ್ದೇ. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಆರಂಭಿಸಿದ ಅಧ್ಯಯನ ಇದಕ್ಕೆ ದೊರೆತಿರುವ ಅತ್ಯಂತ ದೀರ್ಘಕಾಲದ ಉತ್ತರಗಳಲ್ಲಿ ಒಂದು. ಅಪೌಷ್ಟಿಕತೆಯಿಂದ ಕುಂಠಿತ ಬೆಳವಣಿಗೆಯುಳ್ಳ, 9ರಿಂದ 24 ತಿಂಗಳ 129 ಬಡ ಮಕ್ಕಳನ್ನು ಆಯ್ದು, ಕೆಲವರಿಗೆ ಪೂರಕ ಆಹಾರ, ಕೆಲವರಿಗೆ ಆಟದ ಭೇಟಿ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲದಂತೆ ಎರಡು ವರ್ಷ ನಡೆಸಲಾಯಿತು. ಆಟದ ಭೇಟಿಯೆಂದರೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಒಂದು ಗಂಟೆ ಮನೆಗೆ ಬಂದು, ಬಿಸಾಡಿದ ವಸ್ತುಗಳಿಂದ ಮಾಡಿದ ಆಟಿಕೆಗಳೊಡನೆ ತಾಯಿಯೂ ಮಗುವೂ ಆಡುವಂತೆ ಮಾಡಿ, ಆಟಿಕೆಗಳನ್ನು ಅಲ್ಲಿಯೇ ಬಿಟ್ಟುಹೋಗುವುದು. ಇಪ್ಪತ್ತು ವರ್ಷಗಳ ಬಳಿಕ, 2014ರಲ್ಲಿ ಪ್ರಕಟವಾದ ವರದಿಯಂತೆ, ಆಟದ ಭೇಟಿ ಪಡೆದವರ ಸಂಪಾದನೆ ಪಡೆಯದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಆಹಾರ ಮಾತ್ರ ಪಡೆದವರಲ್ಲಿ ಇಂತಹ ದೀರ್ಘಕಾಲದ ಲಾಭ ಕಾಣಲಿಲ್ಲ. ಮೊಟ್ಟೆ, ಹಾಲು, ಪುಷ್ಟಿ ಬೇಡವೆಂದು ಇದರ ಅರ್ಥವಲ್ಲ. ಅವುಗಳನ್ನು ಕೊಟ್ಟು ಕೈತೊಳೆದುಕೊಳ್ಳಲಾಗದು ಎಂದು ಅರ್ಥ. ಭೇಟಿಯಲ್ಲಿ ಮಾತು, ಮಮತೆ, ತಾಯಿಯ ಆತ್ಮವಿಶ್ವಾಸ ಎಲ್ಲವೂ ಬೆರೆತಿದ್ದವಾದ್ದರಿಂದ ಫಲವೆಲ್ಲ ಆಟಿಕೆಯದೆಂದು ಹೇಳುವುದು ಸರಿಯಲ್ಲ. ಆಟಿಕೆ ಇದ್ದೂ ಜೊತೆಗೆ ಆಡುವವರಿಲ್ಲದಿದ್ದರೆ ಕೂಸಿನ ಮನೆಯೂ ದಾಸ್ತಾನು ಕೊಠಡಿಯಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಒಂದು ವರ್ಷ ತುಂಬದ ಮಕ್ಕಳಿಗೂ ಒಂದು ವರ್ಷದ ಮಕ್ಕಳಿಗೂ ಪರದೆಯ ವೀಕ್ಷಣೆಯನ್ನು ಶಿಫಾರಸು ಮಾಡುವುದಿಲ್ಲ. ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ತೆವಳಲು ಬಾರದ ಶಿಶುವನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ ಬೋರಲಾಗಿ ಮಲಗಿಸಬೇಕು, ಯಾವ ಮಗುವನ್ನೂ ಒಂದೇ ಕಡೆ ಕಟ್ಟಿಹಾಕಿದಂತೆ ಒಂದು ಗಂಟೆಗಿಂತ ಹೆಚ್ಚು ಇರಿಸಬಾರದು ಎಂದೂ ಅದು ಹೇಳುತ್ತದೆ. ಕೂಸಿನ ಮನೆಯ ಪಟ್ಟಿಯಲ್ಲಿ ದೂರದರ್ಶನವಿದ್ದರೆ ಅದರ ಹಣದಲ್ಲಿ ದಪ್ಪನೆಯ, ತೊಳೆಯಬಹುದಾದ ನೆಲಹಾಸು, ಒಂದು ಸಣ್ಣ ಇಳಿಜಾರು ಹಲಗೆ, ಗಾತ್ರ ಗಾತ್ರದ ಚೆಂಡುಗಳು, ಒಂದರೊಳಗೊಂದು ಕೂರುವ ಡಬ್ಬಿಗಳು ಬರುತ್ತವೆ. ಉಳಿದದ್ದು ಮನೆಯಲ್ಲಿಯೇ ಇದೆ: ಸೇರು, ಪಾವು, ಮರದ ಸೌಟು, ತೆಂಗಿನ ಚಿಪ್ಪು, ಬಟ್ಟೆಯ ಚೆಂಡು, ಗಿಲಕಿ.

ಖರೀದಿಯ ಒಂದು ನಿಯಮ ಸದಸ್ಯರಿಗೆ ತಿಳಿದಿರಬೇಕು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ನೋಂದಾಯಿತ ಕುಶಲಕರ್ಮಿಗಳ ಉತ್ಪನ್ನಗಳಿಗೂ ಇದರಿಂದ ವಿನಾಯಿತಿಯಿದೆ. ಚನ್ನಪಟ್ಟಣದ ಅರಗು ಬಣ್ಣದ ಮರದ ಆಟಿಕೆಗಳು ಈ ವರ್ಗದವು. ಉರುಳುವುದು, ತಿರುಗುವುದು, ಎಳೆದರೆ ಬರುವುದು ಎಂಬ ಮೂರೂ ಅವುಗಳಲ್ಲಿ ಸಿಗುತ್ತವೆ.

ಮಗುವನ್ನು ನಡುವೆ ಕೂರಿಸಿ ಸುತ್ತಲೂ ಗಾಲಿಯಿರುವ ಪ್ಲಾಸ್ಟಿಕ್ ವಾಕರ್‌ಗಳನ್ನು ದಾನಿಗಳು ಕೊಡಮಾಡುವುದುಂಟು. ಅಪಘಾತಗಳ ಕಾರಣದಿಂದ ಕೆನಡಾ ದೇಶ 2004ರಲ್ಲಿಯೇ ಅವುಗಳ ಮಾರಾಟವನ್ನು ನಿಷೇಧಿಸಿತು, ವಿನಯದಿಂದ ಬೇಡವೆನ್ನಬಹುದು. ನಿಂತು ತಳ್ಳುವ ನಮ್ಮ ಮೂರು ಗಾಲಿಯ ಮರದ ಬಂಡಿಯ ಮಾತು ಬೇರೆ. ಅಲ್ಲಿ ತಳ್ಳುವುದು ಮಗು, ಹೋಗುವುದು ಬಂಡಿ. ಬಲಕ್ಕೂ ಚಲನೆಗೂ ಇರುವ ನಂಟು ಕೈಗೇ ತಿಳಿಯುತ್ತದೆ. ಆದರೂ ಅಂಗಳದ ಮೆಟ್ಟಿಲ ಬಳಿ ಯಾರಾದರೂ ಇರಬೇಕು.

ಅಪಾಯದ ಎರಡು ಮಾತು ಸಂಕೋಚವಿಲ್ಲದೆ ಹೇಳಬೇಕಾದವು. ಮೂರು ವರ್ಷದೊಳಗಿನವರ ಕೈಗೆ ಸುಮಾರು 3.2 ಸೆಂ.ಮೀ. ವ್ಯಾಸದ ಕೊಳವೆಯೊಳಗೆ ಹಿಡಿಸುವ ಯಾವ ವಸ್ತುವೂ ಸಿಗಬಾರದು. ಹುಣಸೆಬೀಜ, ಗೋಲಿ, ಕಡಲೆ, ಗುಂಡಿ ಬ್ಯಾಟರಿ ಎಲ್ಲವೂ ಇದರಲ್ಲಿ ಬರುತ್ತವೆ. ನೀರಿನ ಆಟ ಬೇಕು, ಆದರೆ ಅಗಲವಾದ ತಟ್ಟೆಯಲ್ಲಿ, ದೊಡ್ಡವರ ಕೈಯಳತೆಯಲ್ಲಿ, ಆಟ ಮುಗಿದೊಡನೆ ಚೆಲ್ಲಿ ಬೋರಲು ಹಾಕಬೇಕು. ಬಕೆಟ್ಟಿನ ತಳದಲ್ಲಿ ಉಳಿದ ಒಂದೆರಡು ಅಂಗುಲ ನೀರೂ ತೆವಳುವ ಮಗುವಿನ ಪ್ರಾಣ ತೆಗೆಯಬಲ್ಲದು.

ಕೊನೆಯದಾಗಿ, ಚಲಿಸುವ ವಸ್ತುವನ್ನು ಹಿಂಬಾಲಿಸದ ಕಣ್ಣಿನ ವಿಷಯ. ಮೂರು ತಿಂಗಳ ಹೊತ್ತಿಗೆ ಮಗು ಮುಖದ ಮುಂದೆ ನಿಧಾನವಾಗಿ ಸರಿಯುವ ವಸ್ತುವಿನೊಡನೆ ನೋಟವನ್ನು ಸರಿಸಬೇಕು. ಹಾಗಾಗದಿದ್ದರೆ, ಅಥವಾ ಕಣ್ಣಿನ ಪಾಪೆಯಲ್ಲಿ ಬಿಳಿ ಮಚ್ಚೆ ಕಂಡರೆ, ‘ದೊಡ್ಡದಾದ ಮೇಲೆ ಸರಿಹೋಗುತ್ತದೆ’ ಎಂದು ಕಾಯುವಂತಿಲ್ಲ. ಹುಟ್ಟಿನಿಂದ ಬಂದ ಪೊರೆಯನ್ನು ಮೊದಲ ಕೆಲವು ತಿಂಗಳೊಳಗೆ ತೆಗೆಸಿದರೆ ದೊರೆಯುವ ದೃಷ್ಟಿ, ವರ್ಷಗಳ ಬಳಿಕ ತೆಗೆಸಿದರೆ ದೊರೆಯುವುದಿಲ್ಲ; ನೋಡುವುದನ್ನು ಮಿದುಳು ಕಲಿಯುವ ಕಾಲ ಅದು. ಆಶಾ ಕಾರ್ಯಕರ್ತೆಯರು 3, 6, 9, 12 ಮತ್ತು 15ನೇ ತಿಂಗಳಲ್ಲಿ ಮನೆಭೇಟಿ ಮಾಡುವ ವ್ಯವಸ್ಥೆಯಿದೆ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಹಂತಗಳ ಚಿತ್ರಗಳಿವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ತಪಾಸಣೆ ಮಾಡಿ ಮುಂದಿನ ಚಿಕಿತ್ಸೆಗೆ ಕಳುಹಿಸುತ್ತದೆ. ಮೂರನೆಯ ತಿಂಗಳ ಭೇಟಿಯಲ್ಲಿ ಕೆಂಪು ಬಟ್ಟೆಯ ಚೆಂಡೊಂದನ್ನು ಮಗುವಿನ ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದು, ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿ, ಎರಡು ಕಣ್ಣುಗಳೂ ಅದನ್ನು ಹಿಂಬಾಲಿಸಿದವೇ ಎಂದು ನೋಡುವುದು ಒಂದು ನಿಮಿಷದ ಕೆಲಸ. ತಮ್ಮ ವಾರ್ಡಿನಲ್ಲಿ ಅದು ನಡೆಯುತ್ತಿದೆಯೇ ಎಂದು ಬಾಲವಿಕಾಸ ಸಮಿತಿಯ ಮುಂದಿನ ಸಭೆಯಲ್ಲಿ ಸದಸ್ಯರು ವಿಚಾರಿಸಬಹುದು.